ಪೂಜೆಗೆ ಕೂತರೆ ನೋವಿಲ್ಲ

ಸರ್ವಮಂಗಳ: ಎದೆನೋವಿರೋರು ದಿನಕ್ಕೆ ಐದ್ಸಲ ಪೂಜೆಗೆ ಕೂತ್ಕೋತಾರಾ ಮೇಡಂ? ತೆಂಗಿನಕಾಯಿ ಸುಲಿಯೋದು ಬಾಕಿ ಇದೆ, ಅದಕ್ಕೆ ಇವ್ರಿಗೆ ಭಕ್ತಿ ಜಾಸ್ತಿ ಆಗಿದೆ.

ಚನ್ನವೀರಯ್ಯ: ಭಕ್ತಿ ಮೇಲೂ ಅನುಮಾನ ಪಡ್ತೀಯಲ್ಲೇ.

ಗುಬ್ಬಿಯ ಈ ದಂಪತಿಯ ಜಗಳ ತುಮಕೂರಿನ ಹೃದಯದ ಡಾಕ್ಟರ ಮುಂದೆ ನಡೆದಿತ್ತು. ಚನ್ನವೀರಯ್ಯನವರಿಗೆ ವಾರದ ಜ್ವರ ಬಿಟ್ಟ ಮೇಲೆ ಎದೆನೋವು ಹಿಡಿದು ಎಂಟು ದಿನ. ಹಾರ್ಟ್ ಅಟ್ಯಾಕೋ ಅಲ್ಲವೋ ಎಂಬುದು ಈಗ ಗೊತ್ತಾಗಬೇಕು. ಡಾಕ್ಟರ್ ದೀಪಿಕಾ ಇಸಿಜಿ ಕಾಗದ ಬಿಡಿಸಿದರು.

ಡಾಕ್ಟರ್: ಗೆರೆ ಮೇಲಕ್ಕೆದ್ದಿದೆ ಯಜಮಾನ್ರೇ.

ಸರ್ವಮಂಗಳ: ಎಲ್ಲಿ?

ಡಾಕ್ಟರ್: ಹೆಚ್ಚುಕಮ್ಮಿ ಎಲ್ಲಾ ಕಡೆ.

ಚನ್ನವೀರಯ್ಯ ಕಣ್ಣು ಮುಚ್ಚಿಕೊಂಡರು.

ಡಾಕ್ಟರ್: ಅದೇ ಸಮಾಧಾನ. ಅಟ್ಯಾಕ್ ಆದ್ರೆ ಸಾಮಾನ್ಯವಾಗಿ ಒಂದು ಭಾಗದಲ್ಲಿ ಮಾತ್ರ ಏಳುತ್ತೆ.

ಸರ್ವಮಂಗಳ: ಒಂದ್ಕಡೆ ಕೆಟ್ರೆ ಭಯ, ಎಲ್ಲಾ ಕಡೆ ಕೆಟ್ರೆ ಸಮಾಧಾನವಾ?

ಚನ್ನವೀರಯ್ಯ: ಸುಮ್ನಿರೇ, ಅವ್ರು ಓದಿರೋರು.

ನೋವು ಯಾವಾಗ ಹೆಚ್ಚು ಎಂದು ಡಾಕ್ಟರ್ ಕೇಳಿದರು. ಮಲಗಿದರೆ ಇರಿಯುತ್ತದೆ, ಉಸಿರೆಳೆದುಕೊಂಡರೂ ಇರಿಯುತ್ತದೆ ಎಂದರು ಚನ್ನವೀರಯ್ಯ.

ಡಾಕ್ಟರ್: ಕಡಿಮೆ ಯಾವಾಗ?

ಚನ್ನವೀರಯ್ಯ: ಪೂಜೆಗೆ ಕೂತಾಗ.

ಡಾಕ್ಟರ್: ಹೆಂಗೆ ಕೂತ್ಕೋತೀರಾ, ತೋರ್ಸಿ.

ಅವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿದರು. ಕೊರಳಿನ ಲಿಂಗದ ಕರಡಿಗೆ ಬಿಚ್ಚದೆ, ಅಂಗೈಯಲ್ಲಿ ಲಿಂಗ ಇದೆಯೆಂದೇ ಭಾವಿಸಿ ಬರಿಯ ಎಡಗೈಯನ್ನು ಎದೆಯ ಮುಂದೆ ಚಾಚಿ, ಅದರತ್ತ ಬಗ್ಗಿದರು. ಮುಖದ ಗಂಟು ಸಡಿಲವಾಯಿತು. ಡಾಕ್ಟರ್ ಚೀಟಿಯಲ್ಲಿ ಬರೆದುಕೊಂಡರು.

ಡಾಕ್ಟರ್: ಮುಂದಕ್ಕೆ ಬಗ್ಗಿದ್ರೆ ನೋವು ಕಮ್ಮಿ. ರಕ್ತ ಪರೀಕ್ಷೆ, ಎಕೋ ಸ್ಕ್ಯಾನೂ ಆಗ್ಲೇ ನೋಡಿದ್ದೀನಿ. ಅಟ್ಯಾಕ್ ಅಲ್ಲ. ವೈರಲ್ ಜ್ವರಕ್ಕೆ ಹೃದಯದ ಸುತ್ತ ಇರೋ ಪೊರೆ ಊದ್ಕೊಂಡಿದೆ. ಮಾತ್ರೆ ತಗೊಳ್ಳಿ, ಕಮ್ಮಿ ಆಗುತ್ತೆ. ನಾನು ಹೇಳೋವರೆಗೂ ಭಾರದ ಕೆಲಸ ಬೇಡ.

ಸರ್ವಮಂಗಳ ಕುರ್ಚಿ ಎಳೆದುಕೊಂಡು ಕೂತರು. ಎಂಟು ದಿನ ಬೈದದ್ದೆಲ್ಲ ಹೆದರಿಕೆಗೆ ಎಂಬುದು ಅವರಿಗೇ ಈಗ ತಿಳಿದಂತಿತ್ತು.

ಸರ್ವಮಂಗಳ: ನಿನ್ನೆ ಮಠಕ್ಕೇ ಹೋಗಿ, ನಮ್ಮನೆಯವ್ರ ಪೂಜೆ ಒಸಿ ಕಮ್ಮಿ ಮಾಡ್ಸಿ ಅಂತ ಬುದ್ಧಿಯೋರ್ಗೆ ದೂರು ಹೇಳ್ಬಂದೆ.

ಚನ್ನವೀರಯ್ಯ: ಅವ್ರೇನಂದ್ರು?

ಸರ್ವಮಂಗಳ: ಇಂಥ ದೂರು ಇದೇ ಮೊದಲು ಅಂದ್ರು.

ಡಾಕ್ಟರ್ ತಲೆ ಬಗ್ಗಿಸಿ ಮಾತ್ರೆಯ ಹೆಸರು ಬರೆಯತೊಡಗಿದರು. ಗುಬ್ಬಿ ಬಸ್ಸಿಗೆ ಹೊತ್ತಾಯಿತೆಂದು ಚನ್ನವೀರಯ್ಯ ಮಂಚದಿಂದ ಇಳಿಯಹೋದರು. ಸರ್ವಮಂಗಳ ಅವರ ಭುಜ ಹಿಡಿದು ಮತ್ತೆ ಮುಂದಕ್ಕೆ ಬಗ್ಗಿಸಿದರು.

ಸರ್ವಮಂಗಳ: ಕೂತ್ಕೊಳ್ಳಿ. ಬಸ್ಸು ಇನ್ನೊಂದು ಬರುತ್ತೆ. ಪೂಜೆ ಪೂರ್ತಿ ಆಗ್ಲಿ.