ಬೆಲ್ಲು, ನೀರು ಮತ್ತು ಅಪ್ಪನ ತೆಂಗಿನಕಾಯಿ

ನಾನು ಮಾಡಿದ ಯಂತ್ರಗಳು ಕೆಟ್ಟದ್ದು ಕಡಿಮೆ. ಅವು ಸರಿಯಾಗಿ ಕೆಲಸ ಮಾಡತೊಡಗಿದ ಮೇಲೇ ತೊಂದರೆ ಶುರುವಾಗುತ್ತಿತ್ತು. ಕಡೂರಿನಲ್ಲಿ ಎಂಬತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ ನನಗೆ ಪಾಲಿಟೆಕ್ನಿಕ್ ಸೇರುವ ಆಸೆ. ಕೊಬ್ಬರಿ, ತೆಂಗಿನಕಾಯಿ ಮಂಡಿ ಇಟ್ಟಿದ್ದ ಅಪ್ಪನಿಗೆ ನನ್ನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸುವ ಆಸೆ. ಕೊನೆಗೆ ಒಂದು ಒಪ್ಪಂದವಾಯಿತು. "ತರೀಕೆರೆ ವಿಜ್ಞಾನ ಪ್ರದರ್ಶನದಲ್ಲಿ ಪ್ರೈಜ್ ತಗೊಂಡ್ ಬಾ, ಕಳಿಸ್ತೀನಿ. ಇಲ್ದಿದ್ರೆ ತೆಪ್ಪಗೆ ಮಂಡೀಲಿ ಕೂತ್ಕೋ" ಅಂದರು.

ಮನೆಯ ಬೆಲ್ಲು

ಮೊದಲು ಮಾಡಿದ್ದು ನಮ್ಮ ಮನೆ ಬಾಗಿಲಿಗೆ ಕಾಲಿಂಗ್ ಬೆಲ್. ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲದ ಬೀದಿ ನಮ್ಮದು. "ಇದ್ದೀರೇನ್ರೀ?" ಅಂತ ಕೂಗುತ್ತಲೇ ನಡುಮನೆಗೆ ಬಂದು ಕೂರುತ್ತಿದ್ದರು. ಬೆಲ್ ಬಂದ ಮೇಲೂ ಹಾಗೇ ಬಂದು ಕೂತು, ಕಾಫಿ ಕುಡಿದು, "ಅದೇನೋ ಬೆಲ್ ಮಾಡಿದ್ಯಂತಲ್ಲ" ಎಂದು ಎದ್ದು ಹೋಗಿ ಒತ್ತಿ ನೋಡುತ್ತಿದ್ದರು. ಇದಕ್ಕೆಂದೇ ಪಕ್ಕದ ಬೀದಿಯವರೂ ಬರತೊಡಗಿದರು. ವಾರದಲ್ಲಿ ಕಾಫಿಪುಡಿ ಡಬ್ಬ ಖಾಲಿ.

ಅಮ್ಮ ಹೇಳಿದಳು, "ನೀನು ಹಾಕಿರೋದು ಬೆಲ್ಲಲ್ಲ ಕಣೋ, ಹೋಟ್ಲು ಬೋರ್ಡು."

ತಾತನ ರೇಡಿಯೊ

ಅಜ್ಜಂಪುರದಲ್ಲಿ ಅಮ್ಮನ ಅಪ್ಪನಿಗೊಂದು ಹಳೇ ರೇಡಿಯೊ ಇತ್ತು. ತಲೆಯ ಮೇಲೆ ಎರಡು ಬಾರಿಸಿದರೆ ಮಾತ್ರ ಮಾತಾಡುತ್ತಿತ್ತು. ನಾನು ಬಿಚ್ಚಿ, ಕಿತ್ತುಹೋಗಿದ್ದ ವೈರಿಗೆ ಬೆಸುಗೆ ಹಾಕಿ ಕೊಟ್ಟೆ. ಸ್ವಿಚ್ ಹಾಕಿದ ಕೂಡಲೇ ಹಾಡಿತು. ತಾತ ಸಂತೋಷಪಟ್ಟರು, ಆದರೆ ಮರುದಿನವೂ ಎರಡು ಬಾರಿಸಿದರು.

"ಈಗ ಹೊಡೆಯೋದು ಬೇಡ ತಾತ."

"ಸುಮ್ನಿರೋ. ಅದಕ್ಕೆ ಅಭ್ಯಾಸ ತಪ್ಪೋದ್ರೆ ಆಮೇಲೆ ಮಾತು ಕೇಳಲ್ಲ."

ನಾಲ್ಕನೇ ದಿನ ನನ್ನ ಬೆಸುಗೆ ಬಿಟ್ಟು ರೇಡಿಯೊ ಮೂಕವಾಯಿತು. ತಾತ ಊರೆಲ್ಲ ಹೇಳಿಕೊಂಡು ಬಂದರು, "ಮೊಮ್ಮಗ ಮುಟ್ಟೋ ತನಕ ಚೆನ್ನಾಗಿತ್ತು."

ಪಂಚನಹಳ್ಳಿಯ ಸಮಾಜಸೇವೆ

ಅತ್ತೆಯ ಊರು ಪಂಚನಹಳ್ಳಿಯಲ್ಲಿ ನೀರಿನ ಟ್ಯಾಂಕು ತುಂಬಿ ಚೆಲ್ಲುತ್ತಲೇ ಇರುತ್ತಿತ್ತು. ನೀರು ಬಿಡುವವನು ಬೋರ್‌ವೆಲ್ ಮೋಟಾರ್ ಹಾಕಿ ಬೀಡಿ ಅಂಗಡಿಗೆ ಹೋಗಿಬಿಡುತ್ತಿದ್ದ. ಟ್ಯಾಂಕು ತುಂಬಿ ನೀರು ಎರಡು ವೈರಿಗೆ ತಾಗಿದರೆ ಬೆಲ್ ಹೊಡೆಯುವ ಹಾಗೆ ಮಾಡಿ ಕೊಟ್ಟೆ. ಅವನು ಬಂದು ಮೋಟಾರ್ ಆರಿಸಲಿ ಎಂಬುದು ನನ್ನ ಲೆಕ್ಕ. ಆದರೆ ಬೆಲ್ ಕೇಳಿ ಓಡಿ ಬಂದದ್ದು ಊರಿನ ಕೊಡಗಳು. ಬೆಲ್ ಹೊಡೆದಾಗ ನೀರು ಹಿಡಿಯುವುದೇ ಊರಿನ ಪದ್ಧತಿಯಾಯಿತು.

ನಾನು ಅಲ್ಲೇ ಇದ್ದಾಗ ಒಂದು ದಿನ ಸೆಲ್ ಮುಗಿದು ಬೆಲ್ ಹೊಡೆಯಲಿಲ್ಲ. ಒಬ್ಬ ಅಜ್ಜಿ ಖಾಲಿ ಕೊಡ ಹಿಡಿದು ಅತ್ತೆಯ ಮನೆಗೇ ಬಂದಳು. "ಇವತ್ತು ನೀರಿಲ್ವೇನಪ್ಪಾ?"

"ನಲ್ಲೀಲಿ ಬರ್ತಾ ಇದೆಯಲ್ಲಜ್ಜಿ?"

"ಬತ್ತಾ ಐತೆ ಕಣಪ್ಪಾ. ಬೆಲ್ ಹೊಡೀಬೇಕಲ್ಲ?"

ತರೀಕೆರೆ

ಪ್ರದರ್ಶನಕ್ಕೆ ಅದೇ ಬೆಲ್ಲನ್ನು ಬಿಸ್ಕತ್ ಡಬ್ಬದ ಟ್ಯಾಂಕಿಗೆ ಜೋಡಿಸಿಕೊಂಡು ಹೋದೆ. ಸ್ಕೂಲಿನ ಹಾಲ್‌ನಲ್ಲಿ ಹಿಂದಿನ ಸಾಲಿನಲ್ಲಿ ನನ್ನ ಮೇಜು. ಗೆಲ್ಲದಿದ್ದರೆ ಜೀವನವಿಡೀ ಕೊಬ್ಬರಿ ವಾಸನೆ ಎಂದುಕೊಳ್ಳುತ್ತಾ ವೈರುಗಳನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದೆ. ನೋಡಿದರೆ ಅಪ್ಪ ಮಂಡಿಯಿಂದ ಒಳ್ಳೆಯ ಕಾಯಿ ಆರಿಸಿಕೊಂಡು ಬಂದೇಬಿಟ್ಟಿದ್ದಾರೆ. ಪೂಜೆಯಿಲ್ಲದೆ ಯಾವ ಯಂತ್ರವನ್ನೂ ಶುರು ಮಾಡುವ ವಂಶ ನಮ್ಮದಲ್ಲ. ಬೇಡವೆಂದರೂ ಕೇಳದೆ ರಾಹುಕಾಲ ಮುಗಿಯಲೆಂದು ಕಾದರು. ಅದು ಮುಗಿಯುವಾಗ ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಭಾಷಣದ ನಡುವೆ ಇದ್ದರು. ಊಟದ ಹೊತ್ತು ಮೀರಿತ್ತು. ಭಾಷಣ ಇನ್ನೂ ವೇದಗಳ ಕಾಲದ ವಿಜ್ಞಾನದಲ್ಲಿತ್ತು.

ಅಪ್ಪ ಡಬ್ಬಕ್ಕೆ ಕುಂಕುಮವಿಟ್ಟು, ಮೇಜಿನ ಕಾಲಿನ ಹತ್ತಿರ ಮೆಲ್ಲಗೆ ಕಾಯಿ ಒಡೆದು, ಕಾಯಿನೀರನ್ನು ಭಕ್ತಿಯಿಂದ ಯಂತ್ರದ ಮೇಲೆ ಪ್ರೋಕ್ಷಿಸಿದರು. ಅದು ನೇರವಾಗಿ ವೈರುಗಳ ಮೇಲೆ ಬಿತ್ತು. ಬೆಲ್ ಒಂದೇ ಸಮ ಹೊಡೆಯತೊಡಗಿತು.

ಸ್ಕೂಲಿನಲ್ಲಿ ಲಾಂಗ್ ಬೆಲ್ ಎಂದರೆ ಮನೆಗೆ ಹೋಗುವ ಬೆಲ್. ಹುಡುಗರೆಲ್ಲ ಒಟ್ಟಿಗೆ ಎದ್ದು ಬಾಗಿಲಿಗೆ ಓಡಿದರು. ಜವಾನ ಅಭ್ಯಾಸಬಲದಿಂದ ಕಿಟಕಿ ಮುಚ್ಚತೊಡಗಿದ. ಮುಖ್ಯ ಅತಿಥಿಗಳು ಭಾಷಣ ಅಲ್ಲಿಗೇ ಬಿಟ್ಟು, "ಜೈ ಹಿಂದ್" ಎಂದು ಕೂತುಬಿಟ್ಟರು. ನಾನು ಸೆಲ್ ಕಿತ್ತು, ಇನ್ನು ಗಲ್ಲಾಪೆಟ್ಟಿಗೆಯೇ ಗತಿ ಎಂದು ತಲೆ ತಗ್ಗಿಸಿ ನಿಂತೆ.

ಬೆಳಿಗ್ಗೆಯಿಂದ ಹಸಿದು ಕೂತಿದ್ದ ತೀರ್ಪುಗಾರರು ನಗುನಗುತ್ತಾ ಬಂದರು. "ನೀರು ಬಿದ್ದ ತಕ್ಷಣ ಹೊಡೀತಲ್ಲ, ಇನ್ನೇನ್ ಬೇಕು?" ಎಂದು ನನಗೇ ಮೊದಲ ಬಹುಮಾನ ಕೊಟ್ಟು ಊಟಕ್ಕೆ ಹೊರಟರು.

ಬಸ್ಸಿನಲ್ಲಿ ಅಪ್ಪ ಬಹುಮಾನದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಪಾಲಿಟೆಕ್ನಿಕ್ಕು?" ಎಂದೆ.

"ಕಳಿಸ್ತೀನಿ ಕಣೋ. ಕೊಟ್ಟ ಮಾತು ಕೊಟ್ಟಂಗೇ. ಆದ್ರೆ ಒಂದು ತಿಳ್ಕೋ. ನಿನ್ ವೈರು, ಸೆಲ್ಲು ಬೆಳಿಗ್ಗೆಯಿಂದ ಅಲ್ಲೇ ಸುಮ್ನೆ ಬಿದ್ದಿದ್ವು. ಮಂಡಿ ಕಾಯಿ ಒಡೆದ ಮೇಲೇ ಪ್ರೈಜ್ ಬಂದಿದ್ದು."

ಪಾಲಿಟೆಕ್ನಿಕ್‌ಗೆ ಹೊರಟ ದಿನ ಟ್ರಂಕು ಎತ್ತಲಾಗಲಿಲ್ಲ. ಮುಚ್ಚಳ ತೆಗೆದರೆ ಬಟ್ಟೆಯ ಕೆಳಗೆ ಪೂರ್ತಿ ತೆಂಗಿನಕಾಯಿ.

ಅಪ್ಪ ಹೇಳಿದರು, "ಇರ್ಲಿ ಬಿಡೋ. ಪರೀಕ್ಷೆ ಮೂರು ವರ್ಷ ಇರ್ತವಲ್ಲ."