ನಮ್ಮ ಸೇವಾ ಸಂಘದ ತೊಟ್ಟಿಲು ಸಭೆಗಳು

ಒಂದು ಸಂಘದ ಇತಿಹಾಸವನ್ನು ಬರೆಸುವುದಿದ್ದರೆ ಆ ಸಂಘದಲ್ಲಿ ಎಂದೂ ಇಲ್ಲದವನಿಂದ ಬರೆಸಬೇಕು. ಅವನಿಗೆ ಎಲ್ಲವೂ ಸ್ಪಷ್ಟವಾಗಿ ಗೊತ್ತಿರುತ್ತದೆ. ನನ್ನಂಥ ಹಳೆಯ ಕಾರ್ಯದರ್ಶಿಯ ಕೈಗೆ ಕೊಟ್ಟರೆ ಸ್ಥಾಪನೆಯಾದ ದಿನವೇ ಸಿಗುವುದಿಲ್ಲ. ವಾಡಿಯ ನಮ್ಮ ಪ್ರಯಾಣಿಕರ ಸೇವಾ ಸಂಘದ ಚರಿತ್ರೆ ಎರಡು ಪುಟದಲ್ಲಿ, ಅದೂ "ಓದಿದವರಿಗಿ ಸ್ಫೂರ್ತಿ ಬರೂ ಹಂಗ" ಬೇಕೆಂದು ಈಗಿನ ಪದಾಧಿಕಾರಿಗಳು ಬೆನ್ನು ಹತ್ತಿದ್ದಾರೆ. ನನಗೆ ಬಂದಿರುವುದು ತಲೆನೋವು. ಆಗ ಅಧ್ಯಕ್ಷರಾಗಿದ್ದ, ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರಿ ವಿರೂಪಾಕ್ಷಪ್ಪನವರನ್ನು ಕೇಳಿದರೆ ಸಂಘ ಹುಟ್ಟಿದ್ದು ಅವರ ಅಂಗಡಿಯ ಕಟ್ಟೆಯ ಮೇಲೆ. ಚಿತ್ತಾಪುರದ ವಕೀಲ ರಾಘವೇಂದ್ರರಾಯರ ಪ್ರಕಾರ ರೈಲಿನ ಡಬ್ಬಿಯಲ್ಲಿ. ಇಬ್ಬರೂ ಅವತ್ತಿನ ಬಿಸಿಲು, ಅವತ್ತಿನ ಚಹಾ, ಯಾರು ಯಾವ ಕಡೆ ಕೂತಿದ್ದರು ಎಂಬುದನ್ನೂ ಹೇಳುತ್ತಾರೆ. ಇಷ್ಟು ಚೆನ್ನಾಗಿ ನೆನಪಿರುವವರನ್ನು ಕಂಡರೆ ನನಗೆ ಅನುಮಾನ. ಕೊನೆಗೆ ನನ್ನ ಹೆಂಡತಿ ನೀಲಮ್ಮನನ್ನು ಕೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ, "ನನ್ನ ಬಾಣಂತನದಾಗ ಹುಟ್ಯಾದ. ನನಗ ಒಂದು ಹಡದದ್ದು ಸಾಲದಾಗಿತ್ತಂತ" ಎಂದಳು. ಇದೂ ಒಂದು ಸಾಕ್ಷಿಯೇ. ಸ್ಫೂರ್ತಿ ಬರುವಂಥದ್ದಲ್ಲ, ಅಷ್ಟೆ.

ವಾಡಿ ಎಂದರೆ ರೈಲು ಬದಲಿಸುವ ಊರು. ಮುಂಬೈ ಕಡೆಯಿಂದ ಬಂದವರು ಇಲ್ಲಿಳಿದು ಹೈದರಾಬಾದಿನ ರೈಲಿಗೆ ಕಾಯಬೇಕು, ಹೈದರಾಬಾದಿನವರು ಮುಂಬೈ ರೈಲಿಗೆ ಕಾಯಬೇಕು. ಬೇಸಿಗೆಯಲ್ಲಿ ಈ ಕಡೆಯ ಫರ್ಸಿ ನೆಲ ರೊಟ್ಟಿ ಹಂಚಿನಂತೆ ಕಾದಿರುತ್ತದೆ. ಅದರ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತವರಿಗೆ ಒಂದು ತಂಬಿಗೆ ನೀರು ಕೊಡೋಣ ಎಂಬುದಷ್ಟೇ ನಮ್ಮ ಉದ್ದೇಶ. ದೇಶೋದ್ಧಾರ ಗೀಶೋದ್ಧಾರ ಎಲ್ಲ ಆಮೇಲೆ ಭಾಷಣಗಳಲ್ಲಿ ಬಂದು ಸೇರಿಕೊಂಡದ್ದು. ಆದರೆ ನೀರು ಕೊಡುವುದಕ್ಕೂ ನಾಲ್ಕು ಜನ ಕೂತು ಮಾತಾಡಬೇಕಲ್ಲ? ಆಗ ನಿಜಾಮರ ಸರ್ಕಾರ. ಸಭೆ ಎಂದರೆ ಪರವಾನಗಿ ಬೇಕು. ಉರ್ದುವಿನಲ್ಲಿ ಅರ್ಜಿ ಬರೆಸಿ ಕೊಟ್ಟೆವು. ಅದಕ್ಕೆ ಉತ್ತರ ಬರುವ ಹೊತ್ತಿಗೆ ಮಳೆಗಾಲ ಬಂದು ಕಾಗಿಣಾ ಹೊಳೆ ತುಂಬಿ ಹರಿಯುತ್ತಿತ್ತು. ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ನೀರು ಕೊಡುವುದರ ಹಿಂದಿನ ಉದ್ದೇಶವೇನು ಎಂಬ ಪ್ರಶ್ನೆ. ಬಾಯಾರಿಕೆ ಎಂದು ಬರೆದರೆ ಯಾರು ನಂಬುತ್ತಾರೆ?

ಆಗಲೇ ವಿರೂಪಾಕ್ಷಪ್ಪನವರಿಗೆ ಜ್ಞಾನೋದಯವಾದದ್ದು. ನಮ್ಮ ಮನೆಗೆ ಬಂದವರು ಒಳಗಿನ ಅಳು ಕೇಳಿ, "ಮಾಸ್ತರ, ಕೂಸಿಗಿ ಹೆಸರಿಟ್ಟೀರೇನು?" ಎಂದರು. ಇನ್ನೂ ಇಲ್ಲ ಎಂದೆ.

"ಹಂಗಾದ್ರ ಸಭಾ ಇಲ್ಲೇ. ತೊಟ್ಟಿಲಕ್ಕ ಹಾಕ್ಲಿಕ್ಕಿ ಯಾವ ಪರವಾನಗಿ ಬೇಕ್ರಿ? ಹೆಂಗಸ್ರು ಒಳಗ, ಗಂಡಸ್ರು ಪಡಸಾಲ್ಯಾಗ. ನೀವು ಗುಗ್ಗರಿ ಕುದಸ್ರಿ, ನಾವು ಠರಾವು ಮಾಡ್ತೀವಿ."

ಕಾರ್ಯದರ್ಶಿ ಎಂಬ ಪದವಿ ಸಿಕ್ಕ ಹೊಸತು, ತಲೆಯಾಡಿಸಿದೆ. ನೀಲಮ್ಮ ಮಾತ್ರ ಬಾಗಿಲ ಸಂದಿಯಿಂದ ಒಂದು ಶರತ್ತು ಹಾಕಿದಳು. ಹಿಂದಿನ ವರ್ಷ ತೀರಿಕೊಂಡ ಅವಳ ಅವ್ವನ ಹೆಸರು ಶರಣಮ್ಮ. ಮಗಳಿಗೆ ಅದೇ ಹೆಸರು ಇಡುವುದು, ಆದರೆ ಅದನ್ನು ಸುಳ್ಳು ತೊಟ್ಟಿಲಿನಲ್ಲಿ ಇಡಕೂಡದು. ಅದಕ್ಕೆ ಬೇರೆ ದಿನ, ಚಿಂಚೋಳಿಯ ತವರಿನವರೆಲ್ಲ ಬಂದ ಮೇಲೆ. "ಈ ಸಲ ಏನರೆ ಒಂದು ಇಟ್ಟು ಬಿಡ್ರಿ. ಸಭಾಕ್ಕ ಅಷ್ಟು ಸಾಕಾಗ್ತದ."

ಏನೋ ಒಂದು ಇಟ್ಟೆವು. ನಾಲವಾರದಿಂದ ನನ್ನ ಅಕ್ಕ ರೈಲಿನಲ್ಲಿ ಬಂದಳು, ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಪಡಸಾಲೆಯಲ್ಲಿ ನಾವು ನೀರಿನ ಹರವಿ ಎಲ್ಲಿಡುವುದು, ತುಂಬುವ ಪಾಳಿ ಯಾರದು ಎಂದು ಚರ್ಚಿಸಿದೆವು. ನಮ್ಮ ದನಿ ಏರಿದಾಗ ಅಧ್ಯಕ್ಷರು ಕೆಮ್ಮುವುದು, ಅವರು ಕೆಮ್ಮಿದಾಗ ಒಳಗಿನವರು ಜೋಗುಳದ ದನಿ ಏರಿಸುವುದು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಠಾಣೆಯ ಜವಾನ ಮೌಲಾಸಾಬ ಬಾಗಿಲಲ್ಲಿ ನಿಂತು ಗುಗ್ಗರಿ ತಿಂದು, ಕೂಸಿಗೆ ಆಯುಷ್ಯ ಹಾರೈಸಿ ಹೋದ. ಸಭೆ ಯಶಸ್ವಿಯಾಯಿತು. ಯಶಸ್ವಿಯಾದದ್ದೇ ತಪ್ಪಾಯಿತು. ಅಮಾವಾಸ್ಯೆ ಕಳೆದರೆ ಮತ್ತೊಂದು ಸಭೆ, ಮತ್ತೊಂದು ತೊಟ್ಟಿಲು, ಅದೇ ಕೂಸು. ಎಷ್ಟು ಸಲ ಎಂದು ಕೇಳಬೇಡಿ. ನನ್ನ ಲೆಕ್ಕಕ್ಕಿಂತ ನೀಲಮ್ಮನ ಲೆಕ್ಕ ದೊಡ್ಡದು. ಅಕ್ಕನದು ಅದಕ್ಕೂ ದೊಡ್ಡದು, ಏಕೆಂದರೆ ಗುದ್ದು ತಿಂದವಳು ಅವಳು.

"ಮಾಸ್ತರ, ಹೋದ ತಿಂಗಳ ಬಂದಿದ್ನಲ್ಲ ನಾ?" ಎಂದ ಮೌಲಾಸಾಬ ಒಮ್ಮೆ.

"ಅದು ಬ್ಯಾರೆ ಕೂಸು" ಎಂದೆ. ಬಾಯಿಗೆ ಬಂದದ್ದು ಅದೇ.

"ಮಾಷಾಲ್ಲಾ! ಬರಕತ್ ಅಂದ್ರ ನಿಮ್ಮ ಮನಿ ನೋಡ್ರಿ. ಬಾಯಿಸಾಬ್ರ ತಬಿಯತ್ ಚೊಲೊ ಅದ ಅಲ್ರಿ?"

ಒಳಗೆ ಬಳೆಗಳ ಸದ್ದಾಯಿತು. ಆ ಸದ್ದಿನ ಅರ್ಥವನ್ನು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೂಸು ಅಧ್ಯಕ್ಷರಿಗೆ ಸರೋಜಾ, ವಕೀಲರಿಗೆ ಇಂದಿರಾ. ಪ್ರತಿಯೊಬ್ಬ ಸದಸ್ಯನೂ ತಾನು ಹಾಜರಿದ್ದ ಸಭೆಯ ಹೆಸರು ಹಿಡಿದು ಕರೆಯುತ್ತಿದ್ದ. ಅಕ್ಕನಂತೂ ರೈಲು ಇಳಿಯುತ್ತಲೇ "ಇವತ್ತ ಯಾವ ಹೆಸರೋ ತಮ್ಮಾ?" ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ಕೂಸು ತೊಟ್ಟಿಲಲ್ಲಿ ಎದ್ದು ನಿಂತು ಸಭೆಯನ್ನು ಇಣುಕಿ ನೋಡತೊಡಗಿತು. ನೀಲಮ್ಮನ ಸಹನೆ ಅಲ್ಲಿಗೆ ಮುಗಿಯಿತು.

"ನನ್ನ ಮಗಳಿಗಿ ಊರ ಮಂದಿ ಹೆಸರೆಲ್ಲಾ ಅವ, ನಮ್ಮವ್ವನದೊಂದು ಇಲ್ಲ. ಬರೂ ಸೋಮವಾರ ಇಡಾಕಿ ನಾ. ಅವತ್ತ ನಿಮ್ಮ ಸಂಘ ಈ ಹೊಸ್ತಿಲಾ ದಾಟಿತಂದ್ರ, ಕೂಸಿನ್ನ ಕರಕೊಂಡು ನಮ್ಮಣ್ಣನ ಗಾಡ್ಯಾಗ ಚಿಂಚೋಳಿಗಿ ಹೋಗ್ತೀನಿ. ನೀವು ಇಲ್ಲೇ ಠರಾವು ಮಾಡ್ಕೋತ ಇರ್ರಿ."

ನಾನು ಹೆದರಿ ಮೊದಲು ಶಹಾಬಾದಕ್ಕೆ ಓಡಿದೆ. "ಸೋಮವಾರ ನಮ್ಮ ಮನ್ಯಾಗ ಸಭಾ ಇಲ್ರಿ, ಬರೇ ತೊಟ್ಟಿಲಾ" ಎಂದೆ. ವಿರೂಪಾಕ್ಷಪ್ಪನವರು ಕಣ್ಣು ಮಿಟುಕಿಸಿ, "ತಿಳೀತು ತಿಳೀತು" ಎಂದರು. ಆಗ ನನಗೆ ತಪ್ಪು ಹೊಳೆಯಿತು. ಇಷ್ಟು ದಿನ ಪ್ರತಿಯೊಂದು ಸಭೆಗೂ ನಾನು ಕರೆಯುತ್ತಿದ್ದದ್ದು ಇದೇ ಮಾತಿನಿಂದ. "ಹಂಗಲ್ರಿ, ಖರೇನೇ ಸಭಾ ಇಲ್ಲ" ಎಂದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು: "ಅಷ್ಟು ನಾಜೂಕದ ವಿಷಯ ಅದ ಏನ್ರಿ?" ಚಿತ್ತಾಪುರದಲ್ಲಿ ವಕೀಲರಿಗೆ ದೇವರಾಣೆ ಮಾಡಿ ಹೇಳಿದೆ. ಅವರು ಕನ್ನಡಕ ತೆಗೆದು, "ಆಣಿ ಮಾಡಿ ಹೇಳಾಕತ್ತೀರಿ ಅಂದ್ಮ್ಯಾಲ ಸೇಡಂದವರಿಗೂ ಹೇಳಿ ಕಳಸಬೇಕಾತು" ಎಂದರು. ನಾನು ಕೈಮುಗಿದಷ್ಟೂ ಸಭೆಯ ಮಹತ್ವ ಹೆಚ್ಚುತ್ತ ಹೋಯಿತು.

ಸೋಮವಾರ ಚಿಂಚೋಳಿಯಿಂದ ಎತ್ತಿನ ಗಾಡಿಗಳು ಬಂದವು. ನೀಲಮ್ಮ ಅವ್ವನ ಇಳಕಲ್ ಸೀರೆ ಉಟ್ಟಿದ್ದಳು. ಗಾಡಿಗಳ ಹಿಂದೆಯೇ ಸಂಘವೂ ಬಂತು: ಶಹಾಬಾದ, ಚಿತ್ತಾಪುರ, ಸೇಡಂ, ಎಂದೂ ಮುಖ ತೋರಿಸದ ಮಳಖೇಡದ ಸದಸ್ಯರು ಕೂಡ. ನೀಲಮ್ಮ ಬಾಗಿಲಿನಿಂದ ನನ್ನನ್ನು ನೋಡಿದಳು. ಅಣ್ಣನ ಗಾಡಿಯನ್ನೂ ನೋಡಿದಳು. ನಾನು ವಿವರಿಸಲು ಏಳುವಷ್ಟರಲ್ಲಿ ಅಧ್ಯಕ್ಷರು ಜಮಖಾನೆಯ ಮೇಲೆ ಕುಳಿತು ವಿಷಯ ತೆಗೆದರು: ಸ್ಟೇಷನ್ನಿನಲ್ಲಿ ಹಿಂದೂಗಳ ನೀರು ಬೇರೆ, ಮುಸಲ್ಮಾನರ ನೀರು ಬೇರೆ ಇತ್ತಲ್ಲ, ನಮ್ಮ ಅರವಟ್ಟಿಗೆಯಲ್ಲಿ ಹರವಿ ಒಂದೋ ಎರಡೋ?

"ಎರಡಿರಬೇಕು. ಇಲ್ಲಂದ್ರ ಒಬ್ರೂ ಕುಡಿಯಂಗಿಲ್ಲ" ಎಂದರು ವಕೀಲರು.

"ನೀರಡಿಕಿ ಎರಡು ಥರಾ ಇರ್ತದೇನ್ರಿ ರಾಯರ?" ಎಂದರು ಅಧ್ಯಕ್ಷರು.

ಇಂಥ ವಿಷಯ ಬಂದರೆ ಯಾವ ಕಾರ್ಯದರ್ಶಿ ಸುಮ್ಮನಿರುತ್ತಾನೆ? ನಾನೂ ಒಂದು ತಿದ್ದುಪಡಿ ತಂದೆ. ಕೂಗಾಟ ಎದ್ದಿತು. ಅಧ್ಯಕ್ಷರು ಕೆಮ್ಮಿದರು, ರೂಢಿಯಾಗಿದ್ದ ಹೆಂಗಸರು ಜೋಗುಳವನ್ನು ಮಾಳಿಗೆ ಹಾರುವಂತೆ ಎತ್ತಿದರು. ಆ ಗದ್ದಲದಲ್ಲೇ ಅಕ್ಕ ತೊಟ್ಟಿಲಿಗೆ ಬಾಗಿ ಹೆಸರು ಹೇಳಿದಳಂತೆ. ಕೂಸಿಗೂ ಕೇಳಿಸಿರಲಾರದು.

ಇದ್ದಕ್ಕಿದ್ದಂತೆ ಜೋಗುಳ ನಿಂತಿತು. ನೀಲಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಪಡಸಾಲೆಗೆ, ಗಂಡಸರ ನಡುವೆ, ಬಂದು ನಿಂತಿದ್ದಳು.

"ಅಧ್ಯಕ್ಷರ, ನಂದೊಂದು ಠರಾವು ಅದ. ಇಕಿ ಹೆಸರು ಶರಣಮ್ಮ. ನಮ್ಮವ್ವನ ಹೆಸರು. ಇನ್ನ ಯಾರೂ ಇಕಿಗಿ ಬ್ಯಾರೆ ಹೆಸರ್ಲೆ ಕರೀಬಾರದು, ಮತ್ತ ತೊಟ್ಟಿಲಕ್ಕ ಹಾಕಬಾರದು. ಕೈ ಎತ್ರಿ."

ಅಧ್ಯಕ್ಷರು ಎತ್ತಿದರು. ಅಧ್ಯಕ್ಷರ ಮಾತಿಗೆ ಎಂದೂ ಕೈ ಎತ್ತದ ವಕೀಲರು ಎತ್ತಿದರು. ಸದಸ್ಯರಲ್ಲದ ಅವಳ ಅಣ್ಣಂದಿರೂ ಎತ್ತಿದರು. ಬಾಗಿಲಲ್ಲಿದ್ದ ಮೌಲಾಸಾಬ ಗುಗ್ಗರಿಯನ್ನು ಎಡಗೈಗೆ ಬದಲಿಸಿ, "ನಂದೂ ಬರ್ಕೋರಿ" ಎಂದು ಬಲಗೈ ಎತ್ತಿದ. ಎತ್ತಿದ ಮೇಲೆ ತಾನು ಯಾರೆಂಬುದು ನೆನಪಾಗಿ ಅದರಿಂದಲೇ ಪಗಡಿ ಸರಿಮಾಡಿಕೊಂಡ. ಅವನ ಮುಖ ನೋಡಿದ ಮೇಲೆ ಎರಡು ಹರವಿಯ ಮಾತೆತ್ತುವ ಧೈರ್ಯ ರಾಯರಿಗೂ ಬರಲಿಲ್ಲ. ಒಂದೇ ಇಟ್ಟೆವು. ಗಾಡಿಗಳು ನೀಲಮ್ಮನನ್ನು ಬಿಟ್ಟು ಚಿಂಚೋಳಿಗೆ ಮರಳಿದವು.

ಆ ಠರಾವು ಅವಿರೋಧವಾಗಿ ಪಾಸಾಯಿತೆಂದು ಬರೆಯುವ ಆಸೆ ನನಗಿದೆ. ಆದರೆ ಯಾವುದರಲ್ಲೂ ಒಂದಾಗದ ಅಧ್ಯಕ್ಷರು, ವಕೀಲರು, ನೀಲಮ್ಮ ಇದೊಂದರಲ್ಲಿ ಒಂದೇ ಮಾತು ಹೇಳುತ್ತಾರೆ. ಎಲ್ಲರ ಕೈ ಮೇಲಿದ್ದಾಗ ಕಾರ್ಯದರ್ಶಿ ಎದ್ದು ನಿಂತು, ತಿದ್ದುಪಡಿ ಬಾಕಿ ಇರುವಾಗ ಹೊಸ ವಿಷಯ ತೆಗೆಯುವುದು ನಿಯಮಕ್ಕೆ ವಿರುದ್ಧ ಎಂದು ಆಕ್ಷೇಪಿಸಿದನಂತೆ. ನನಗೆ ಖಂಡಿತ ನೆನಪಿಲ್ಲ. ಆದರೆ ಆ ವಾಕ್ಯವನ್ನು ಎಲ್ಲಿ ಕಂಡರೂ ನನ್ನದೆಂದು ಗುರುತು ಹಿಡಿಯುತ್ತೇನೆ.