ನೀರಿಗಿಳಿದ ಹೆಡ್‌ಮಾಸ್ತರ ಕೋಟು

ಚನ್ನಗಿರಿಯ ಗಾಳಿಯನ್ನು ಶುದ್ಧ ಮಾಡುವ ಹೊಣೆಯನ್ನು ಒಂದು ಸೋಮವಾರ ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ. ಪಕ್ಕದಂಗಡಿಯ ಟೈಲರ್ ಮೆಹಬೂಬ್ ಸಾಬರು ಮಾತ್ರ ನಾನು ಡ್ರೈಕ್ಲೀನಿಂಗ್ ಅಂಗಡಿ ತೆರೆದ ದಿನದಿಂದ ಕೇಳುತ್ತಲೇ ಇದ್ದರು.

"ನಿಮ್ಮ ಕೆಮಿಕಲ್ ವಾಸನೆಗೆ ತಲೆ ಸಿಡಿತೈತೆ ರೀ. ಹೊಲಿಯಾಕೆ ಕುಂತ್ರೆ ಒಂದು ಸೂಜಿ ಎರಡಾಗಿ ಕಾಣ್ತೈತೆ! ಉಳಿದ ಗಲೀಜು ಬೇರೆ ಚರಂಡಿಗೆ ಸುರೀತೀರಿ."

ದಾವಣಗೆರೆಯಲ್ಲಿ ಕೆಮಿಕಲ್ ಇಲ್ಲದೆ ಬಟ್ಟೆ ಒಗೆಯುವ ಒಂದು ದಿನದ ತರಬೇತಿ ಮುಗಿಸಿ ಬಂದವನೇ ಘೋಷಿಸಿದೆ: "ಕೆಮಿಕಲ್ ಬಂದ್! ಇನ್ನೇನಿದ್ದರೂ ನೀರು, ಮೆದು ಸೋಪು!" ಉಳಿದ ಕ್ಯಾನುಗಳನ್ನೆಲ್ಲ ವಿಲೇವಾರಿಯವರ ಗಾಡಿಗೆ ಹತ್ತಿಸಿದೆ.

"ಉಣ್ಣೆಗೆ ನೀರು ಎಷ್ಟು ಬಿಸಿ ಇರಬೇಕಂತೆ?" ಹೆಂಡತಿ ಸರೋಜ ಕೇಳಿದಳು.

"ಅದನ್ನ ಹೇಳೋ ಹೊತ್ತಿಗೆ ನಾನು ಊಟದ ಸಾಲಿನಾಗಿದ್ದೆ."

ಮೊದಲು ಬಂದದ್ದು ಸಂತೇಬೆನ್ನೂರಿನ ನಿವೃತ್ತ ಹೆಡ್‌ಮಾಸ್ತರರ ಉಣ್ಣೆ ಕೋಟು. ಇನ್ನು ಮೂರು ದಿನಕ್ಕೆ ಅವರಿಗೆ ಸನ್ಮಾನ. ನಾನೂ ಅವರ ಶಿಷ್ಯ. ಅವರ ಬೆತ್ತದ ಪರಿಚಯ ನನಗುಂಟು. ಕೊಳೆ ಚೆನ್ನಾಗಿ ಬಿಡಲೆಂದು ವಾಷಿಂಗ್ ಮಷೀನಿಗೆ ಹಂಡೆಯ ಸುಡುನೀರನ್ನೇ ಸುರಿದೆ. ಒಂದು ಮುಚ್ಚಳ ಸೋಪು ಸಾಕೆಂದು ತರಬೇತಿಯಲ್ಲಿ ಹೇಳಿದ್ದರು. ಗುರುಭಕ್ತಿಯಿಂದ ಮೂರು ಹಾಕಿದೆ.

ಮಷೀನು ತಿರುಗಿತು. ನೊರೆ ಹೊಸ್ತಿಲು ದಾಟಿ, ರಸ್ತೆಗಿಳಿದು, ಸಾಬರ ಮೆಟ್ಟಿಲು ಹತ್ತಿತು! ಕೋಟು ಹೊರಬಂತು. ತೊಟ್ಟು ನೋಡಿದರೆ ತೋಳು ಮೊಣಕೈಗೇ ಮುಗಿದಿತ್ತು.

"ಬಾಲವಾಡಿ ಹೆಡ್‌ಮಾಸ್ತರು ಯಾರಾದ್ರೂ ಇದ್ರೆ ಸರಿ ಹೋಗ್ತೈತೆ," ಎಂದರು ಸಾಬರು.

ನಾನು ಕೋಟನ್ನು ಬಚ್ಚಿಡಲು ಜಾಗ ಹುಡುಕತೊಡಗಿದೆ. ಸರೋಜ ಮಾತ್ರ ಸೀರೆ ಸೆರಗು ಸಿಕ್ಕಿಸಿದಳು. ಕೋಟನ್ನು ತಣ್ಣೀರಿನಲ್ಲಿ ನೆನೆಸಿ, ಸಾಬರಂಗಡಿಯ ಬೊಂಬೆಗೆ ತೊಡಿಸಿದಳು. "ನೀವೊಂದು ತೋಳು ಹಿಡೀರಿ, ಸಾಬರೇ ನೀವೊಂದು. ಮೆಲ್ಲಗೆ ಎಳೀರಿ. ಹಗ್ಗಜಗ್ಗಾಟ ಅಲ್ಲ!" ಎರಡು ದಿನ ಗಂಟೆಗೊಮ್ಮೆ ಎಳೆದೆವು. ನೆರಳಿನಲ್ಲಿ ಒಣಗಿಸಿದೆವು. ಕೋಟು ಅಂಗುಲ ಅಂಗುಲವಾಗಿ ನಿವೃತ್ತಿಯ ವಯಸ್ಸಿಗೆ ಮರಳಿತು.

ಹೆಡ್‌ಮಾಸ್ತರರು ಮೂರನೆಯ ದಿನ ಬಂದು ಕೋಟು ತೊಟ್ಟರು. ತೋಳನ್ನು ಮೂಸಿದರು. ಬೆತ್ತದ ನೆನಪಾಗಿ ನಾನು ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಇದೇನಯ್ಯಾ, ವಾಸನೆನೇ ಇಲ್ಲ! ಹೋದ ಸಲ ಇದನ್ನ ಹಾಕ್ಕೊಂಡು ಕುಂತ್ರೆ ಪಕ್ಕದೋರು ಕುರ್ಚಿ ಸರಿಸ್ತಿದ್ರು!"

ಸನ್ಮಾನದ ಮೈಕಿನಲ್ಲೂ ಅವರು ಅದನ್ನೇ ಹೇಳಿದರು. ಮರುವಾರದಿಂದ ಸವಳಂಗ, ಹೊನ್ನಾಳಿಯ ಕೋಟುಗಳು ಬಸ್ಸು ಹತ್ತಿ ಬಂದವು. ಸಾಬರ ತಲೆನೋವು ಬಿಟ್ಟಿತು. ಚರಂಡಿ ಬರೀ ಚರಂಡಿಯ ವಾಸನೆಗೆ ಮರಳಿತು. ಪರಿಸರ ಗೆದ್ದಿತು!

ವಿಜಯಿಯಾದ ನಾನೀಗ ಕೌಂಟರಿನಲ್ಲಿ ಕೂರುತ್ತೇನೆ. ಸಾಬರಿಂದ ಕೋಟಿನ ಕತೆ ಕೇಳಿದ ಗಿರಾಕಿಗಳು ಬರುತ್ತಾರೆ, ನನ್ನನ್ನು ನೋಡುತ್ತಾರೆ, ಬಟ್ಟೆಯ ಗಂಟನ್ನು ಎದೆಗೆ ಬಿಗಿಯಾಗಿ ಅವಚಿಕೊಳ್ಳುತ್ತಾರೆ.

"ಅಮ್ಮಾರು ಬರಲಿ ಬಿಡ್ರಿ. ಅಲ್ಲಿತನಕ ಹೊರಗೇ ಕುಂತಿರ್ತೀವಿ!"